ಹತ್ತು ಗುಂಟೆ ನನಗೆ ಬಿಡಿ

ವೆಸ್ಟ್‌ಲ್ಯಾಂಡ್, ನೆದರ್ಲ್ಯಾಂಡ್ಸ್
ಮೇ 18

ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಹಿರಿಯೂರ ಕಡೆ ಒಳ್ಳೆ ಮಳೆ ಆಯ್ತಂತೆ, ಮೆಣಸಿನಕಾಯಿ ಸಸಿ ಮಡಿಯಲ್ಲಿದೆಯಂತೆ. ತಮ್ಮ ಫೋನಿನಲ್ಲಿ ಹೇಳಿದ. ನಾಟಿಗೆ ಮುಂಚೆ ಈ ಪತ್ರ ನಿಮಗೆ ಸಿಗಲಿ ಅಂತ ರಾತ್ರಿಯೇ ಕೂತು ಬರೆಯುತ್ತಿದ್ದೇನೆ.

ಹೋದ ವರ್ಷ ಎರಡಡಿ ಸಾಲು, ಒಂದಡಿಗೊಂದು ಗಿಡ ಇಟ್ಟೆವು. ಎಕರೆಗೆ ಹೆಚ್ಚುಕಮ್ಮಿ 21,700 ಗಿಡ. ದಸರಾ ಹೊತ್ತಿಗೆ ಸಾಲು ಕೂಡಿಕೊಂಡು ಒಳಗೆ ಕಾಲಿಡಲು ಜಾಗ ಇರಲಿಲ್ಲ. ಔಷಧಿ ಮೇಲಿನ ಎಲೆಗೇ ನಿಂತಿತು. ಜಡಿಮಳೆ ಹಿಡಿದಾಗ ಗಾಳಿಯಾಡದೆ ಕಾಯಿ ಕೊಳೆಯಿತು. ಗಿಡ ಸೊರಗಿದೆ ಅಂತ ಇನ್ನೊಂದು ಚೀಲ ಯೂರಿಯಾ ಎರಚಿದೆವು. 45 ಕಿಲೋ ಚೀಲದಲ್ಲಿ 20 ಕಿಲೋಗಿಂತ ಜಾಸ್ತಿ ಸಾರಜನಕ ಇರುತ್ತದೆ ಅಪ್ಪಾಜಿ. ಅಷ್ಟನ್ನೂ ಒಂದೇ ಸಲ ಕೊಟ್ಟರೆ ಗಿಡ ಬರೀ ಎಲೆ ಬಿಡುತ್ತದೆ, ಹೂ ಉದುರುತ್ತದೆ. ಆ ಎಳೆ ಎಲೆಗೆ ನುಸಿ, ರಸ ಹೀರುವ ಥ್ರಿಪ್ಸ್ ಹುಳ ಬೇರೆ.

ಇಲ್ಲಿ ಗಾಜಿನ ಮನೆಯಲ್ಲಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತಾರೆ. ಚದರ ಮೀಟರಿಗೆ ಆರೇಳು ಕಾಂಡ. ಆದರೆ ಒಂದೊಂದನ್ನೂ ದಾರಕ್ಕೆ ಸುತ್ತಿ ಮೇಲಕ್ಕೆ ಹಬ್ಬಿಸಿ, ಪಕ್ಕದ ಕವಲು ಚಿವುಟುತ್ತಾರೆ. ನಮ್ಮ ಗಿಡ ಕೊಡೆಯಂತೆ ಹರಡುತ್ತದೆ, ಅದಕ್ಕೆ ಜಾಗ ಬೇಕೇ ಬೇಕು. ನಾವು ಕಲಿಯಬೇಕಾದ್ದು ಇವರು ಗೊಬ್ಬರ ಕೊಡುವ ಕ್ರಮ. ನೀರಿನ ಜೊತೆ ಚೂರು ಚೂರೇ ಕೊಡುತ್ತಾರೆ. ಕಾಯಿ ಕಟ್ಟುವಾಗ ಪೊಟ್ಯಾಷ್ ತಪ್ಪಿಸುವುದಿಲ್ಲ. ನಮ್ಮಲ್ಲೂ ಡ್ರಿಪ್ ಇದೆಯಲ್ವಾ?

ಎರಡೂವರೆ ಅಡಿ ಸಾಲು, ಒಂದೂವರೆ ಅಡಿಗೊಂದು ಗಿಡ ಇಟ್ಟರೆ ಎಕರೆಗೆ 11,600 ಹಿಡಿಯುತ್ತದೆ. ಸುಮಾರು ಅರ್ಧ ಕಮ್ಮಿ. ನಿಮಗೆ ಎದೆ ಧಸಕ್ಕೆನ್ನಬಹುದು. ಒತ್ತಾಗಿ ನೆಟ್ಟರೆ ಎಕರೆಯ ಒಟ್ಟು ತೂಕ ಒಂದು ಮಟ್ಟದವರೆಗೆ ಏರುತ್ತದೆ, ಅದು ನಿಜ. ಆಮೇಲೆ ಗಿಡ ಬೆಳಕಿಗಾಗಿ ಸುಮ್ನೆ ಉದ್ದ ಹೋಗುತ್ತದೆ, ಕವಲು ಕಮ್ಮಿ, ಕಾಯಿ ಸಣ್ಣ. ನಮ್ಮ ಹೊಲ ಆ ಮಟ್ಟ ದಾಟಿತ್ತು ಅಂತಲೇ ನನಗೆ ಅನ್ನಿಸುತ್ತದೆ.

ಇಡೀ ಹೊಲ ಕೇಳುತ್ತಿಲ್ಲ. ಬಾವಿ ಪಕ್ಕದ ಹತ್ತು ಗುಂಟೆ ಬಿಡಿ, 2,900 ಸಸಿ ಸಾಕು. ಕೊಟ್ಟಿಗೆ ಗೊಬ್ಬರ, ಡಿಎಪಿ ನಿಮ್ಮ ಅಳತೆಯಂತೆಯೇ ಇರಲಿ. ಯೂರಿಯಾ ಮಾತ್ರ ಕಂತು ಮಾಡಿ ಡ್ರಿಪ್ಪಿನಲ್ಲಿ ಬಿಡಲು ತಮ್ಮನಿಗೆ ಹೇಳಿ. ಅದರ ಪಕ್ಕದಲ್ಲೇ ಹಳೇ ಅಳತೆಯ ಹತ್ತು ಗುಂಟೆ ಗುರುತು ಮಾಡಿ. ಪ್ರತಿ ಸಲ ಬಿಡಿಸಿದಾಗ ಎರಡನ್ನೂ ಬೇರೆ ಬೇರೆ ತೂಗಿ, ಕೊಳೆತದ್ದನ್ನೂ ತೂಗಿ.

ಅಮ್ಮ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಆ ತೂಕ ಬರೆದಿಡು. ಸಂಕ್ರಾಂತಿಗೆ ಬಂದಾಗ ಮೊದಲು ಅದನ್ನೇ ನೋಡುತ್ತೇನೆ.

ನಿಮ್ಮ ಮಗ