ನವೆಂಬರ್ 1ರಂದು ಬಿಷಪರಾದ ನಿಘಂಟುಕಾರ

ನವೆಂಬರ್ 1 ಅಂದರೆ ನಮಗೆ ರಾಜ್ಯೋತ್ಸವ. ಕ್ಯಾಥೊಲಿಕರಿಗೆ ಅದೇ ದಿನ ಸಕಲ ಸಂತರ ಹಬ್ಬ. 1853ರ ಆ ಹಬ್ಬದಂದು ಸಿನ್ಸಿನಾಟಿಯ ಪ್ರಧಾನಾಲಯದಲ್ಲಿ 56 ವರ್ಷದ ವಲಸೆಗಾರ ಗುರುವೊಬ್ಬರಿಗೆ ಧರ್ಮಾಧ್ಯಕ್ಷ ದೀಕ್ಷೆ ಆಯಿತು. ಹೆಸರು ಫ್ರೆಡರಿಕ್ ಬರಾಗಾ. ನಮ್ಮ ಕನ್ನಡ ಶಾಲೆಯ ಮಕ್ಕಳು ಮಿಷಿಗನ್ ನಕ್ಷೆಯ ಮೇಲೆ ಕೌಂಟಿಗಳ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದಾಗ ಮೇಲ್ಗಡೆ "ಬರಾಗಾ" ಎಂದಿದ್ದನ್ನು ಕಂಡು ಒಬ್ಬಳು ಪುಟ್ಟಿ, "ಇದು ಊರಿನ ಹೆಸರಾ, ಮನುಷ್ಯರದ್ದಾ?" ಎಂದು ಕೇಳಿದಳು. ಎರಡೂ ಹೌದು ಪುಟ್ಟಿ. ಈ ಸಲದ ಸಂಪಾದಕೀಯ ನಿನಗೇ.

ಬರಾಗಾ ಹುಟ್ಟಿದ್ದು 1797ರಲ್ಲಿ, ಈಗಿನ ಸ್ಲೊವೇನಿಯಾದಲ್ಲಿ. ಆಗ ಅದು ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿತ್ತು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ವಿಯೆನ್ನಾದಲ್ಲಿ ಕಾನೂನು ಓದಿ 1821ರಲ್ಲಿ ಪದವಿ ಪಡೆದರು. ವಕೀಲಿಗೆ ಹೋಗದೆ ಗುರುಮಠ ಸೇರಿ 1823ರಲ್ಲಿ ಗುರುದೀಕ್ಷೆ ತೆಗೆದುಕೊಂಡರು. ತಮ್ಮ ಪಾಲಿನ ಆಸ್ತಿಯನ್ನು ಅಕ್ಕ ಅಮಾಲಿಯಾಗೆ ಬಿಟ್ಟುಕೊಟ್ಟರು. 1830ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಹಡಗಿಳಿದಾಗ ಅವರಿಗೆ 33 ವರ್ಷ.

ಮುಂದಿನದ್ದು ನಮ್ಮ ಶಾಲೆಯ ಶಿಕ್ಷಕರು ಗಮನಿಸಬೇಕಾದ್ದು. ಸಿನ್ಸಿನಾಟಿಗೆ ಬಂದವರೇ ಅವರು ಕಾಡಿಗೆ ಓಡಲಿಲ್ಲ. ಮೇ ತಿಂಗಳ ತನಕ ಅಲ್ಲೇ ಉಳಿದು ಒಟ್ಟಾವಾ ಎಂಬ ಅಮೆರಿಕದ ಮೂಲನಿವಾಸಿಗಳ ಭಾಷೆಯ ಮೊದಲ ಪಾಠ ಕಲಿತರು. ಕಲಿಸಿದವನು ಅಲ್ಲಿನ ಗುರುಮಠದಲ್ಲಿ ಓದುತ್ತಿದ್ದ ವಿಲಿಯಂ ಮಕಟೆಬಿನೆಸಿ ಎಂಬ ಒಟ್ಟಾವಾ ಹುಡುಗ. ಮುಂದೆ ರೋಮಿಗೆ ಓದಲು ಹೋದ ಆ ಹುಡುಗ 1833ರಲ್ಲಿ ಅಲ್ಲೇ ತೀರಿಕೊಂಡ. ಬರಾಗಾರ ಹೆಸರಿನಲ್ಲಿ ಒಂದು ಕೌಂಟಿ ಇದೆ. ಅವರಿಗೆ ಅಕ್ಷರ ಹಿಡಿಸಿದವನ ಹೆಸರು ಗೊತ್ತಿರುವವರು ಬೆರಳೆಣಿಕೆ. ಅದಕ್ಕೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

1831ರ ಮೇ ತಿಂಗಳಲ್ಲಿ ಬರಾಗಾ ಮಿಷಿಗನ್ ಸರೋವರದ ದಡದ ಲಾರ್ಬರ್ ಕ್ರೋಷ್ ತಲುಪಿದರು. ಮರುವರ್ಷವೇ ಒಟ್ಟಾವಾ ಭಾಷೆಯ ಪ್ರಾರ್ಥನಾ ಪುಸ್ತಕ ಡೆಟ್ರಾಯಿಟಿನಲ್ಲಿ ಅಚ್ಚಾಯಿತು. 1833ರಲ್ಲಿ ಗ್ರ್ಯಾಂಡ್ ನದಿಯ ಬದಿಗೆ, 1835ರಲ್ಲಿ ಸುಪೀರಿಯರ್ ಸರೋವರದ ಮ್ಯಾಡಲಿನ್ ದ್ವೀಪದ ಲಾ ಪಾಯಿಂಟಿಗೆ, 1843ರಲ್ಲಿ ಲಾನ್ಸಿಗೆ ಹೋದರು. ಹೋದಲ್ಲೆಲ್ಲ ಕ್ರಮ ಒಂದೇ: ಮೊದಲು ಒಂದು ದಿಮ್ಮಿಮನೆ, ಅದೇ ಗುಡಿ, ಅದೇ ಶಾಲೆ. ಜೊತೆಗೆ ಆ ಭಾಷೆಯ ಪುಸ್ತಕ.

ಸುಪೀರಿಯರ್ ಕಡೆಯ ಮೂಲನಿವಾಸಿಗಳಾದ ಒಜಿಬ್ವೆಯರ ಭಾಷೆಗೆ ಅವರು ಬರೆದ ವ್ಯಾಕರಣ 1850ರಲ್ಲಿ ಡೆಟ್ರಾಯಿಟಿನಲ್ಲಿ ಅಚ್ಚಾಯಿತು, 576 ಪುಟ. ನಿಘಂಟು 1853ರಲ್ಲಿ ಸಿನ್ಸಿನಾಟಿಯಲ್ಲಿ, 662 ಪುಟ. ನಮ್ಮ ಕಿಟೆಲ್ ಸಾಹೇಬರು ಭಾರತಕ್ಕೆ ಬಂದಿಳಿದದ್ದೂ ಅದೇ 1853ರಲ್ಲಿ. ಅವರ ನಿಘಂಟು ಮಂಗಳೂರಿನಲ್ಲಿ ಮುಗಿಯಲು 1894 ಆಗಬೇಕಾಯಿತು. ಒಜಿಬ್ವೆಯಲ್ಲಿ ಕ್ರಿಯಾಪದದ್ದೇ ದರ್ಬಾರು. ಯಾರು ಯಾರಿಗೆ ಮಾಡಿದರು, ಮಾಡಿಸಿಕೊಂಡದ್ದು ಸಜೀವವೋ ನಿರ್ಜೀವವೋ ಎಂಬುದೆಲ್ಲ ಒಂದೇ ಪದದೊಳಗೆ ಕೂತಿರುತ್ತದೆ. ಹಾಗಾಗಿ ಪದಪಟ್ಟಿ ಮಾಡಿದರಷ್ಟೇ ಸಾಲದು, ರೂಪಾವಳಿಯೂ ಬೇಕು. ಬರಾಗಾ ಪುಟಗಟ್ಟಲೆ ರೂಪಾವಳಿ ಕೊಟ್ಟರು. ಒಂದು ಕೊರತೆ ಉಳಿಯಿತು: ಹ್ರಸ್ವ ದೀರ್ಘಗಳನ್ನು ಬರಹದಲ್ಲಿ ಬೇರೆಬೇರೆಯಾಗಿ ತೋರಿಸಲಿಲ್ಲ. ಆ ಭಾಷೆಯಲ್ಲಿ ಅದರಿಂದ ಅರ್ಥವೇ ಕೆಡುತ್ತದೆ. ಈಗಿನ ಒಜಿಬ್ವೆ ಶಿಕ್ಷಕರು ದೀರ್ಘಸ್ವರಕ್ಕೆ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ಹಳೆಯ ನಿಘಂಟಿನ ಪದ ಹುಡುಕುವಾಗ ಅದನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳಬೇಕು. ಹಾಗಿದ್ದರೂ 1992ರಲ್ಲಿ ಅದು ಮರುಮುದ್ರಣವಾಯಿತು, ಇಂದಿಗೂ ಬಳಕೆಯಲ್ಲಿದೆ.

ಬಿಷಪ್ ಆದ ಮೇಲೆ ಏನು ಬದಲಾಯಿತು? ಆರಂಭದಲ್ಲಿ ಮೇಲಿನ ಮಿಷಿಗನ್ ಇನ್ನೂ ಪೂರ್ಣ ಧರ್ಮಕ್ಷೇತ್ರವಾಗಿರಲಿಲ್ಲ. ಗುರುಗಳ ಸಂಖ್ಯೆ, ಆದಾಯ, ಗುಡಿಗಳು ಸಾಲದ ಕಡೆ ಪೋಪರ ಪ್ರತಿನಿಧಿಯಾಗಿ ಒಬ್ಬ ಬಿಷಪರನ್ನು ಇಡುವುದು ಪದ್ಧತಿ. 1857ರಲ್ಲಿ ಅದು ಸೂ ಸೇಂಟ್ ಮೇರಿ ಊರನ್ನು (ಚಿಕ್ಕದಾಗಿ ಸೂ) ಪೀಠವಾಗಿಟ್ಟುಕೊಂಡು ಧರ್ಮಕ್ಷೇತ್ರವಾಯಿತು. ದೃಢೀಕರಣ ಸಂಸ್ಕಾರ ಕೊಡಲು ಬಿಷಪರೇ ಬೇಕು, ಹಾಗಾಗಿ ಒಂದೊಂದು ತಾಮ್ರದ ಗಣಿಗೂ ಅವರೇ ಹೋಗಬೇಕು. ಗಣಿಗಳಲ್ಲಿ ಐರಿಷರು, ಜರ್ಮನರು, ಫ್ರೆಂಚ್ ಕೆನಡಾದವರು; ಹಳ್ಳಿಗಳಲ್ಲಿ ಒಜಿಬ್ವೆಯರು. ಒಂದೇ ಭಾನುವಾರ ಮೂರು ಭಾಷೆಗಳಲ್ಲಿ ಪ್ರಬೋಧನೆ ಮಾಡಬೇಕಾಗುತ್ತಿತ್ತು. ಒಂದೇ ಭಾಷೆ ಬಲ್ಲ ಗುರುವನ್ನು ಅಂಥ ಕಡೆ ಕಳಿಸಿದರೆ ಊರಿನ ಮುಕ್ಕಾಲು ಪಾಲು ಜನಕ್ಕೆ ಪಾಪನಿವೇದನೆಯೇ ಇಲ್ಲ. ಅದಕ್ಕೇ ದೀಕ್ಷೆಯಾದ ಕೂಡಲೇ ಅವರು ಯುರೋಪಿಗೆ ಹಡಗು ಹತ್ತಿ ಗುರುಗಳನ್ನೂ ಹಣವನ್ನೂ ಹುಡುಕಿದರು. ವಿಯೆನ್ನಾ ಮತ್ತು ಲಿಯೋನಿನ ಧರ್ಮಪ್ರಸಾರ ಸಂಘಗಳು ಹಣ ಕೊಡುತ್ತಿದ್ದವು, ಆದರೆ ಅಲ್ಲಿಗೆ ವಿವರವಾದ ಪತ್ರ ಹೋಗಬೇಕು. ಬಿಷಪರಾದ ಮೇಲೆ ಜನರಿಗೆ ಬರೆದ ಮೊದಲ ಪತ್ರವನ್ನು ಇಂಗ್ಲಿಷ್, ಒಜಿಬ್ವೆ ಎರಡರಲ್ಲೂ ಹೊರಡಿಸಿದರು. ಬಿಷಪರ ಮುದ್ರೆಯಿರುವ ಆಡಳಿತದ ಕಾಗದವೊಂದು ಜನರ ಮಾತಿನಲ್ಲೇ ಬಂದದ್ದು, ನನ್ನ ಮಟ್ಟಿಗೆ, ನಿಘಂಟಿನಷ್ಟೇ ದೊಡ್ಡದು.

ಚಳಿಗಾಲದಲ್ಲಿ ಸುಪೀರಿಯರ್ ಹೆಪ್ಪುಗಟ್ಟಿದರೆ ಹಡಗು ಇಲ್ಲ, ಅಂಚೆಯೂ ಅಪರೂಪ. ಸುಮಾರು 21 ಅಡಿ ಧುಮುಕುವ ಸೂ ಊರಿನ ಬಳಿಯ ನದಿಯ ರಭಸವನ್ನು ಹಡಗು ದಾಟುವಂತಾದದ್ದೇ 1855ರಲ್ಲಿ ಕಾಲುವೆ ತೆರೆದ ಮೇಲೆ. ಉಳಿದದ್ದು ಹಿಮಪಾದುಕೆ. ಬಾಗಿಸಿದ ಮರದ ಚೌಕಟ್ಟು, ನಡುವೆ ಹಸಿ ತೊಗಲಿನ ಹೆಣಿಗೆ. ಬೆರಳ ಕಡೆ ಮಾತ್ರ ಬಿಗಿದು ಹಿಮ್ಮಡಿಯನ್ನು ಬಿಡಬೇಕು. ಹಿಮ್ಮಡಿಯನ್ನೂ ಕಟ್ಟಿದರೆ ಪ್ರತಿ ಹೆಜ್ಜೆಗೂ ಪಾದುಕೆಯ ಬಾಲ ಹಿಮವನ್ನು ಹೊತ್ತು ಬರುತ್ತದೆ. ಬಿಸಿಲು ಬಿದ್ದು ಹಿಮ ಕರಗತೊಡಗಿದರೆ ತೊಗಲು ನೆನೆದು ಜೋಲುತ್ತದೆ, ನಡೆಯಲಾಗದು. ಅಭ್ಯಾಸವಿಲ್ಲದವರಿಗೆ ಕಣಕಾಲಿನ ಮುಂಭಾಗ ಊದಿ ದಾರಿಯಲ್ಲೇ ಕೂರಬೇಕಾಗುತ್ತದೆ. ಬರಾಗಾ ಬಿಷಪರಾದ ಮೇಲೂ, ಅರುವತ್ತು ದಾಟಿದ ಮೇಲೂ ಹೀಗೇ ನಡೆದರು. 1846ರಲ್ಲಿ ಪುಟ್ಟ ದೋಣಿಯಲ್ಲಿ ಒಜಿಬ್ವೆ ಮಾರ್ಗದರ್ಶಿಯೊಂದಿಗೆ ಸರೋವರ ದಾಟುವಾಗ ಬಿರುಗಾಳಿಗೆ ಸಿಕ್ಕಿ, ಮಿನೆಸೋಟಾ ದಡದ ನದಿಬಾಯಿಯಲ್ಲಿ ಬದುಕಿ ಇಳಿದು, ಅಲ್ಲಿ ಮರದ ಶಿಲುಬೆ ನಿಲ್ಲಿಸಿದರು. ಅದಕ್ಕೆ ಈಗ ಕ್ರಾಸ್ ರಿವರ್ ಎಂದೇ ಹೆಸರು, ಶಿಲುಬೆ ಕಲ್ಲಿನದ್ದು.

ಇನ್ನೊಂದು ಮುಖವನ್ನೂ ಬರೆಯಬೇಕು. ಅವರು ಬಂದದ್ದು ಮತಾಂತರಕ್ಕೇ. ಒಜಿಬ್ವೆಯರ ಸ್ವಂತ ಆಚರಣೆಗಳನ್ನು ಬಿಡಿಸುವುದೂ ಆ ಕೆಲಸದೊಳಗೇ ಇತ್ತು. ಅದರ ನೋವು ಸುಳ್ಳಲ್ಲ. ಅದೇ ಕಾಲಕ್ಕೆ, 1850ರಲ್ಲಿ ಅಧ್ಯಕ್ಷ ಟೇಲರ್ ಒಜಿಬ್ವೆಯರನ್ನು ಪಶ್ಚಿಮಕ್ಕೆ ಸಾಗಹಾಕುವ ಆಜ್ಞೆ ಹೊರಡಿಸಿದಂಥ ದಿನಗಳಲ್ಲಿ, ಲಾನ್ಸಿನಲ್ಲಿ ಬರಾಗಾ ಭೂಮಿ ಕೊಂಡು ಮನೆ ಕಟ್ಟಿಸಿ ಜನ ಅಲ್ಲೇ ನೆಲೆಯೂರಲು ನೆರವಾದರು. 1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಲಾನ್ಸಿನವರಿಗೆ ತಮ್ಮ ನೆಲ ಉಳಿಯಿತು. ಎರಡನ್ನೂ ಒಟ್ಟಿಗೆ ಹೇಳಿದರೇ ಮಕ್ಕಳಿಗೆ ನ್ಯಾಯ.

ಸೂ ಊರು ಧರ್ಮಕ್ಷೇತ್ರದ ಪೂರ್ವದ ಅಂಚಿನಲ್ಲಿತ್ತು, ಜನ ಮತ್ತು ಗಣಿಗಳು ಪಶ್ಚಿಮದಲ್ಲಿ. ಹಾಗಾಗಿ 1866ರಲ್ಲಿ ಪೀಠವನ್ನು ಮಾರ್ಕೆಟ್ ಊರಿಗೆ ಒಯ್ದರು. ಅದೇ ಅಕ್ಟೋಬರಿನಲ್ಲಿ ಬಾಲ್ಟಿಮೋರಿನ ಧರ್ಮಾಧ್ಯಕ್ಷರ ಮಹಾಸಭೆಯಲ್ಲಿ ಲಕ್ವ ಹೊಡೆಯಿತು. ಅಲ್ಲೇ ಉಳಿಯಲು ಒಪ್ಪದೆ ಉತ್ತರಕ್ಕೇ ಮರಳಿದರು. 1868ರ ಜನವರಿ 19ರಂದು ಮಾರ್ಕೆಟ್‌ನಲ್ಲಿ ತೀರಿಕೊಂಡರು. ಅವರ ನಂತರದ ಇಬ್ಬರು ಬಿಷಪರೂ, ಮ್ರಾಕ್ ಮತ್ತು ವರ್ಟಿನ್, ಸ್ಲೊವೇನಿಯಾದವರೇ. 2012ರಲ್ಲಿ ಪೋಪ್ ಬೆನೆಡಿಕ್ಟ್ ಬರಾಗಾರನ್ನು "ಪೂಜ್ಯ" ಎಂದು ಘೋಷಿಸಿದರು. ಸಂತ ಪದವಿಯ ದಾರಿಯಲ್ಲಿ ಅದು ಒಂದು ಮೆಟ್ಟಿಲು. ಬೇಸಿಗೆಯಲ್ಲಿ ಮೇಲೆ ಹೋಗುವವರು ಯುಎಸ್ 41 ಹೆದ್ದಾರಿ ಹಿಡಿದರೆ ಮಾರ್ಕೆಟ್‌ನ ಪ್ರಧಾನಾಲಯದಲ್ಲಿ ಅವರ ಸಮಾಧಿಯೂ, ಲಾನ್ಸ್ ಹತ್ತಿರ ಹಿಮಪಾದುಕೆ ಹಿಡಿದ ದೊಡ್ಡ ಪ್ರತಿಮೆಯೂ ಸಿಗುತ್ತವೆ.

ಪುಟ ಮುಗಿಯುತ್ತಿದೆ, ಸೂಚನೆಗಳು ಗಡಿಬಿಡಿಯಲ್ಲಿ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. ನಾಡಗೀತೆ ಹಾಡುವ ಮಕ್ಕಳು 2ಕ್ಕೇ ಬರಲಿ. ಊಟ ಎಲ್ಲರ ಮನೆಯಿಂದ; ಕಡಲೆಬೀಜ, ಗೋಡಂಬಿ ಹಾಕಿದ್ದರೆ ಡಬ್ಬಿಯ ಮೇಲೆ ಬರೆದಿಡಿ. ಹಿಮ ಜೋರಾದರೆ ಬೆಳಿಗ್ಗೆ 10ರೊಳಗೆ ವಾಟ್ಸ್ಯಾಪಿನಲ್ಲಿ ತಿಳಿಸುತ್ತೇವೆ. ಕನ್ನಡ ಶಾಲೆ ಥ್ಯಾಂಕ್ಸ್‌ಗಿವಿಂಗ್ ವಾರ ಇರುವುದಿಲ್ಲ.

ಮಕ್ಕಳ ಪದಕೋಶಕ್ಕೆ ಕರಡು ತಿದ್ದುವವರು ಇಬ್ಬರು ಬೇಕೇ ಬೇಕು. ಹಳೆಯ "ನುಡಿ" ತಂತ್ರಾಂಶದ ಕಡತಗಳನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಕೆಲವು ಕಡೆ ದೀರ್ಘ ಹಾರಿಹೋಗುತ್ತದೆ. ಯಂತ್ರಕ್ಕೆ ಅದು ಕಾಣದು, ಕನ್ನಡ ಓದಿ ಬೆಳೆದ ಕಣ್ಣಿಗೆ ತಕ್ಷಣ ಕಾಣುತ್ತದೆ. ವಾರಕ್ಕೆ 10 ಪುಟ, ಮನೆಯಲ್ಲೇ ಕೂತು ಮಾಡುವ ಕೆಲಸ. ಊರಿನಿಂದ ಬಂದು ಆರು ತಿಂಗಳು ಇಲ್ಲಿರುವ ಅಜ್ಜ ಅಜ್ಜಿಯರಿಗೆ ದಯವಿಟ್ಟು ಹೇಳಿ. ಕಾಗದದ ಮೇಲೆ ತಿದ್ದುವವರಿಗೆ ಮುದ್ರಿಸಿ ತಲುಪಿಸುತ್ತೇವೆ. ಡಿಸೆಂಬರ್ ಸಂಚಿಕೆಗೆ ಬರಹ ಕಳಿಸಲು ನವೆಂಬರ್ 20 ಕೊನೆಯ ದಿನ, ಯೂನಿಕೋಡಿನಲ್ಲೇ ಇರಲಿ.