ಎಂಟು ಪ್ರಶ್ನೆಗೆ ನಿಜ ಹೇಳು

ಪ್ರೀತಿಯ ಗೆಳೆಯ,

ಸಿಒಪಿಡಿ ಬಗ್ಗೆ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ನಮ್ಮ ಈ ದೀರ್ಘಕಾಲದ ಕಾಯಿಲೆ ಬಗ್ಗೆ ನೀನು ಕಳಿಸಿದ ಮೆಸೇಜನ್ನು ಎರಡು ಮೂರು ಸಲ ಓದಿದೆ. "ನನ್ನದು ಅಂಥ ದೊಡ್ಡ ಕಾಯಿಲೆ ಏನಲ್ಲ, ಇನ್ನೂ ಫ್ಯಾಮಿಲಿ ಡಾಕ್ಟರ್ ಹತ್ರಾನೇ ತೋರಿಸ್ತಿದೀನಿ, ನಿನ್ನ ಹಾಗೆ ದೊಡ್ಡಾಸ್ಪತ್ರೆ ಹತ್ತೋ ಮಟ್ಟಕ್ಕೆ ಬಂದಿಲ್ಲ" ಅಂತ ಬರೆದಿದ್ದೀಯ. ಇದೇ ಮಾತನ್ನು ನಾನೂ ನಾಲ್ಕು ವರ್ಷ ಹೇಳಿಕೊಂಡು ಓಡಾಡಿದವನು. ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅರ್ಧ ಹೊತ್ತು ಇಬ್ಬರೂ ಕೆಮ್ಮುವುದರಲ್ಲೇ ಕಳೆಯುತ್ತೇವೆ. ನಿನ್ನ ಹೆಸರು ತೆಗೆದು ಉಳಿದವರಿಗೂ ಓದಲು ಬಿಟ್ಟಿದ್ದೇನೆ, ಬೈಯಬೇಡ.

ಆ ನಾಲ್ಕು ವರ್ಷ ನಡೆದದ್ದು ಇಷ್ಟೇ. ಮೂರು ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೆ. "ಹೇಗಿದ್ದೀರಿ?" ಅನ್ನುತ್ತಿದ್ದರು. "ಪರವಾಗಿಲ್ಲ" ಅನ್ನುತ್ತಿದ್ದೆ. ಅದೇ ಇನ್ಹೇಲರ್ ಮತ್ತೆ ಬರೆದುಕೊಡುತ್ತಿದ್ದರು. ನಾನು ಸುಳ್ಳು ಹೇಳುತ್ತಿರಲಿಲ್ಲ ಕಣೋ. ನಿಜವಾಗಿಯೂ ಏದುಸಿರು ಕಡಿಮೆಯಾಗಿತ್ತು. ಯಾಕೆ ಅಂದರೆ ಏದುಸಿರು ಬರಿಸುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದೆ. ಮಹಡಿಯ ಹಾಸಿಗೆ ಕೆಳಗೆ ಬಂತು. ಬಚ್ಚಲಿಗೆ ಸ್ಟೂಲ್ ಬಂತು. ಬಗ್ಗಬೇಕಲ್ಲ ಅಂತ ಲೇಸ್ ಇರುವ ಶೂ ಮೂಲೆ ಸೇರಿತು. ನೆಂಟರ ಮನೆಗೆ ಹೋಗುವುದು ನಿಂತಿತು. ಯಾವುದೂ ಒಂದೇ ದಿನ ಆಗಲಿಲ್ಲ, ಹಾಗಾಗಿ ನನಗೇ ಗೊತ್ತಾಗಲಿಲ್ಲ. ವಯಸ್ಸಾಯ್ತು ಅಂದುಕೊಂಡೆ.

ಆಮೇಲೆ ಒಂದು ನೆಗಡಿ ಎದೆಗಿಳಿದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ನಿನಗೆ ಗೊತ್ತು. ಅಲ್ಲಿಂದ ಚೆಸ್ಟ್ ಡಾಕ್ಟರ್ ಹತ್ತಿರ ಕಳಿಸಿದರು. ಮೊದಲ ಸಲ ಸರಿಯಾಗಿ ಊದಿಸಿದ್ದು ಅಲ್ಲೇ, ಅದೇ ಸ್ಪೈರೋಮೆಟ್ರಿ. ನಿನಗೆ ಊದಿಸಿದ್ದಾರಾ? ಇಲ್ಲದಿದ್ದರೆ ಮೊದಲು ಅದನ್ನು ಕೇಳು. ಔಷಧಿ ಎಳೆದುಕೊಂಡ ಮೇಲೂ, ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬರುವುದು 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಮಾತ್ರ ಸಿಒಪಿಡಿ ಅಂತ ಖಚಿತ ಮಾಡುತ್ತಾರೆ. ಆ ಮೊದಲ ಸೆಕೆಂಡಿನ ಗಾಳಿಯನ್ನು ನಮ್ಮ ವಯಸ್ಸು, ಎತ್ತರದ ಆರೋಗ್ಯವಂತರ ಜೊತೆ ಹೋಲಿಸಿ ಗ್ರೇಡ್ ಕೊಡುತ್ತಾರೆ. ನನ್ನದು 46 ಪರ್ಸೆಂಟ್, ನಾಲ್ಕರಲ್ಲಿ ಮೂರನೇ ಗ್ರೇಡ್, ಅಂದರೆ ತೀವ್ರ.

ಆದರೆ ನನ್ನ ಕಣ್ಣು ತೆರೆಸಿದ್ದು ಆ ಯಂತ್ರ ಅಲ್ಲ, ನರ್ಸ್ ಕೈಗಿಟ್ಟ ಒಂದು ಹಾಳೆ. ಅದಕ್ಕೆ ಕ್ಯಾಟ್ ಅನ್ನುತ್ತಾರೆ, 2009ರಲ್ಲಿ ಬಂದದ್ದು. ಎಂಟೇ ಪ್ರಶ್ನೆ: ಕೆಮ್ಮು, ಕಫ, ಎದೆ ಬಿಗಿತ, ದಿಬ್ಬ ಅಥವಾ ಮೆಟ್ಟಿಲು ಹತ್ತಿದಾಗ ದಮ್ಮು, ಮನೆಯೊಳಗಿನ ಕೆಲಸ, ಮನೆಯಿಂದ ಹೊರಗೆ ಹೋಗುವ ಧೈರ್ಯ, ನಿದ್ದೆ, ಮೈಯಲ್ಲಿ ಚೈತನ್ಯ. ಒಂದೊಂದಕ್ಕೂ ಸೊನ್ನೆಯಿಂದ 5, ಒಟ್ಟು 40. ಅಂಕಿ ಹೆಚ್ಚಿದಷ್ಟೂ ತೊಂದರೆ ಜಾಸ್ತಿ. 10 ಮುಟ್ಟಿದರೆ ಸುಮ್ನೆ ಬಿಡುವ ಹಾಗಿಲ್ಲ ಅನ್ನುವುದು ಲೆಕ್ಕ. ನಾನು ಎರಡು ನಿಮಿಷದಲ್ಲಿ ತುಂಬಿ 13 ಅಂತ ಕೊಡಲು ಹೊರಟೆ. ಪಕ್ಕದಲ್ಲಿ ಕೂತಿದ್ದ ನನ್ನಾಕೆ ಹಾಳೆ ಇಸಿದುಕೊಂಡು ನೋಡಿದಳು. "ಮನೆ ಕೆಲಸಕ್ಕೆ 1 ಹಾಕಿದ್ದೀರಲ್ಲ, ಕೊನೇ ಸಲ ಬಕೆಟ್ ಎತ್ತಿದ್ದು ಯಾವಾಗ?" ಅಂದಳು. ಉತ್ತರ ಇರಲಿಲ್ಲ. ಇಬ್ಬರೂ ಸೇರಿ ಮತ್ತೆ ತುಂಬಿದಾಗ 24 ಬಂತು.

ಅಲ್ಲಿಂದ ರಿಹ್ಯಾಬ್‌ಗೆ, ಅಂದರೆ ಉಸಿರಿನ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸಿ ಕಾಯಿಲೆ ನಿಭಾಯಿಸಲು ಕಲಿಸುವ ತರಬೇತಿಗೆ ಹಾಕಿದರು. ಎಂಟು ವಾರ, ವಾರಕ್ಕೆರಡು ಸಲ. ಒಳಗೆ ಹೋಗುವಾಗ ನನ್ನ ಲೆಕ್ಕಾಚಾರ ಏನಿತ್ತು ಗೊತ್ತಾ? ಹಗುರ ಇರುವವರು ಫ್ಯಾಮಿಲಿ ಡಾಕ್ಟರ್ ಹತ್ತಿರ, ನಡುವಿನವರು ಚೆಸ್ಟ್ ಡಾಕ್ಟರ್ ಹತ್ತಿರ, ಗಾಳಿಗೇ ಗತಿಯಿಲ್ಲದವರು ಇಲ್ಲಿ ಅಂತ. ನನ್ನ ಪಕ್ಕದ ಸೈಕಲ್ ತುಳಿಯುತ್ತಿದ್ದವರ ಊದುವ ಅಂಕಿ 62. ನನಗಿಂತ ಎಷ್ಟೋ ಮೇಲು. ಆದರೆ ಅವರ ಕ್ಯಾಟ್ 29. ಹೆದರಿಕೆಗೆ ಒಂದು ವರ್ಷದಿಂದ ಒಬ್ಬರೇ ಗೇಟು ದಾಟಿರಲಿಲ್ಲ. ಅವರು ಯಾವ ಚೆಸ್ಟ್ ಡಾಕ್ಟರನ್ನೂ ನೋಡದೆ ನಿನ್ನ ಹಾಗೆ ಫ್ಯಾಮಿಲಿ ಡಾಕ್ಟರಿಂದಲೇ ನೇರ ಬಂದವರು. ಇನ್ನೊಬ್ಬ ಹೆಂಗಸಿಗೆ ಅಂಕಿ ಬರೀ 34, ಆದರೂ ಸ್ಕೋರು ನನಗಿಂತ ಕಡಿಮೆ. ನಿಧಾನ ಮಾಡಿಕೊಂಡೇ ಎಲ್ಲ ಕೆಲಸ ಮಾಡುತ್ತಿದ್ದರು. ನಾನೂ ನನ್ನ ಲೆಕ್ಕಾಚಾರವೂ!

ಇದು ನಮ್ಮೊಂದು ಹಾಲ್‌ನ ಕಥೆ ಅಲ್ಲ. ಸರಾಸರಿ ನೋಡಿದರೆ ಫ್ಯಾಮಿಲಿ ಡಾಕ್ಟರಿಂದ ರಿಹ್ಯಾಬ್‌ವರೆಗೆ ಸ್ಕೋರು ಏರುತ್ತಾ ಹೋಗುತ್ತದೆ, ನಿಜ. ಆದರೆ ಪ್ರತಿಯೊಂದು ಕಡೆಯೂ ಹಗುರದವರೂ ಇರುತ್ತಾರೆ, ಹೈರಾಣಾದವರೂ ಇರುತ್ತಾರೆ. ಫ್ಯಾಮಿಲಿ ಡಾಕ್ಟರ್ ಬಾಗಿಲಲ್ಲಿ ಕೂತವರಲ್ಲೂ 10 ದಾಟಿದವರು ಬೇಕಾದಷ್ಟು ಜನ. ಊದುವ ಅಂಕಿಗೂ ಬದುಕಿನ ಪಾಡಿಗೂ ನಂಟು ತೆಳು. ಆ ಯಂತ್ರ ಅಳೆಯುವುದು ಗಾಳಿ ಎಷ್ಟು ಬೇಗ ಹೊರಬರುತ್ತದೆ ಅಂತ. ಸೊರಗಿದ ತೊಡೆ, ಕೆಟ್ಟ ನಿದ್ದೆ, ಭಯ ಇವೆಲ್ಲ ಅದಕ್ಕೆ ಕಾಣುವುದಿಲ್ಲ. ಗೋಲ್ಡ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ತಂಡ 2011ರಲ್ಲೇ ಊದುವ ಅಂಕಿ ಒಂದೇ ಸಾಲದು, ತೊಂದರೆಯನ್ನೂ ಕೇಳಿ ಅಂದಿತ್ತು. ಯಾರು ಎಲ್ಲಿ ತೋರಿಸುತ್ತಾರೆ ಅನ್ನುವುದು ಎಷ್ಟೋ ಸಲ ಯಾರು ಬರೆದುಕೊಟ್ಟರು, ನಾವು ಬಾಯಿಬಿಟ್ಟು ಕೇಳಿದೆವಾ ಅನ್ನುವುದರ ಮೇಲೆ ನಿಂತಿರುತ್ತದೆ, ಅಲ್ವಾ?

ಬೇರೆ ಹಾಳೆಗಳೂ ಇವೆ. ಸೇಂಟ್ ಜಾರ್ಜ್ ಅನ್ನುವುದರಲ್ಲಿ 50 ಪ್ರಶ್ನೆ, ತುಂಬುವಷ್ಟರಲ್ಲೇ ಸುಸ್ತು. ಸಿಸಿಕ್ಯೂ ಅಂತ ಹತ್ತು ಪ್ರಶ್ನೆಯದು ನನಗೆ ಹಿಡಿಸಿತು. ನೆಗಡಿ ಆದೀತು ಅಂತ ಚಿಂತೆ ಆಗುತ್ತಾ, ಉಸಿರಿನ ತೊಂದರೆಯಿಂದ ಮನಸ್ಸು ಕುಗ್ಗಿದೆಯಾ ಅಂತ ಅದರಲ್ಲಿ ಕೇಳುತ್ತಾರೆ. ಅಂತೂ ಯಾರೋ ಕೇಳಿದರಲ್ಲ ಅನಿಸಿತು.

ಎಂಟು ವಾರ ಮುಗಿದಾಗ ಮತ್ತೆ ಅಳೆದರು. ಊದುವ ಅಂಕಿ ಅದೇ 46, ಇಂಚೂ ಅಲ್ಲಾಡಿಲ್ಲ. ಆದರೆ ಆರು ನಿಮಿಷದ ನಡಿಗೆ 310 ಮೀಟರಿಂದ 362ಕ್ಕೆ ಹೋಗಿತ್ತು. 30 ಮೀಟರ್ ಹೆಚ್ಚಿದರೂ ಲೆಕ್ಕಕ್ಕುಂಟು ಅನ್ನುತ್ತಾರೆ. ಕ್ಯಾಟ್ 19ಕ್ಕೆ ಇಳಿದಿತ್ತು. ಅಲ್ಲಿ 2 ಅಂಕ ಇಳಿದರೂ ಗಣನೆಗೆ ಬರುತ್ತದೆ. ಶ್ವಾಸಕೋಶ ಇದ್ದ ಹಾಗೇ ಇತ್ತು, ಕಾಲು ಗಟ್ಟಿಯಾಗಿತ್ತು, ಹೆದರಿಕೆ ಹೋಗಿತ್ತು. ಇನ್ಹೇಲರ್ ಎಳೆದುಕೊಳ್ಳುವುದನ್ನೂ ಅಲ್ಲೇ ತಿದ್ದಿದರು. ನಾಲ್ಕು ವರ್ಷ ಅರ್ಧ ಔಷಧಿಯನ್ನು ನಾಲಿಗೆಗೆ ಹಚ್ಚಿಕೊಂಡಿದ್ದೆ! ಆಮೇಲೆ ಮೂರು ತಿಂಗಳು ಸೋಮಾರಿಯಾಗಿ ವ್ಯಾಯಾಮ ಬಿಟ್ಟೆ, 22ಕ್ಕೆ ಹತ್ತಿತು. ಈಗ ಮತ್ತೆ ನಡೆಯುತ್ತಿದ್ದೇನೆ.

ಒಂದು ಸಿಟ್ಟು ಮಾತ್ರ ಹೋಗಿಲ್ಲ. ರಿಹ್ಯಾಬಿನ ಸ್ಕೋರು ಫ್ಯಾಮಿಲಿ ಡಾಕ್ಟರಿಗೆ ತಲುಪಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರೆಗಳ ಹೆಸರೆಲ್ಲ ಇದ್ದವು, ನಾನು ಎಷ್ಟು ದೂರ ನಡೆಯಬಲ್ಲೆ ಅಂತ ಒಂದು ಸಾಲೂ ಇರಲಿಲ್ಲ. ಹೋದಲ್ಲೆಲ್ಲ ಮೊದಲಿಂದ ಕಥೆ ಹೇಳಬೇಕು. ಈಗ ನಾನೇ ಒಂದು ಪುಟ್ಟ ಡೈರಿಯಲ್ಲಿ ತಾರೀಖು, ಸ್ಕೋರು, ನಡೆದ ಮೀಟರು ಬರೆದಿಟ್ಟುಕೊಂಡು ಮೂವರಿಗೂ ಅದನ್ನೇ ತೋರಿಸುತ್ತೇನೆ.

ಸಿಗರೇಟಿನ ವಿಷಯ ಎತ್ತುವುದಿಲ್ಲ. ಬಿಟ್ಟೆ ಅಂದಿದ್ದೀಯ, ನಂಬಿದ್ದೇನೆ.

ಹಾಳೆಯನ್ನು ಇದರ ಜೊತೆ ಕಳಿಸಿದ್ದೇನೆ. ನಿನ್ನಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬು. ಈಗ ಏನು ಮಾಡುತ್ತಿದ್ದೀಯ ಅಂತಷ್ಟೇ ಅಲ್ಲ, ಏನೇನು ಬಿಟ್ಟಿದ್ದೀಯ ಅಂತಲೂ ಯೋಚಿಸು. ಮುಂದಿನ ಸಲ ಡಾಕ್ಟರ್ "ಹೇಗಿದ್ದೀರಿ" ಅಂದಾಗ ಬಾಯಿ ತೆರೆಯುವ ಮೊದಲು ಅದನ್ನು ಅವರ ಮುಂದಿಡು. ರಿಹ್ಯಾಬ್‌ಗೆ ಬರೆದುಕೊಡಿ ಅಂತಲೂ ಕೇಳು.

ನನಗೆ ಆರನೇ ಪ್ರಶ್ನೆಯ ಅಂಕಿ ಒಂದನ್ನು ಕಳಿಸಿದರೆ ಸಾಕು, ಮನೆಯಿಂದ ಹೊರಗೆ ಹೋಗುವ ಧೈರ್ಯದ್ದು. ಹೋದ ಸಲ ನೀನು ಬರಲಿಲ್ಲ, ಮೊಣಕಾಲು ಅಂದೆ. ಅದಕ್ಕೂ ಮುಂಚೆ ಮಳೆ ಅಂದೆ. 3 ದಾಟಿದ್ದರೆ ಈ ಸಲ ನಾನೇ ಬರುತ್ತೇನೆ. ಬಸ್ ಸ್ಟಾಪಿನಿಂದ ನಿನ್ನ ಮನೆಗೆ ಎಷ್ಟು ಮೀಟರ್ ಅಂತ ಅಳೆದು ಹೇಳು.

ನಿನ್ನ ಗೆಳೆಯ