ಸ್ಟೇರಿಂಗ್ ಆಯಿಲ್‌: ಬಣ್ಣ ನೋಡಿ ಸುರಿಯಬೇಡಿ

ಮಾನ್ಯರೇ,

ಹದಿನೈದು ವರ್ಷ ದಾಟಿದ ಕಾರು ಮರುನೋಂದಣಿಗೆ ಮುನ್ನ ಗ್ಯಾರೇಜಿಗೆ ಬಂದಾಗ ಬ್ರೇಕು, ಟೈರು, ಹೊಗೆ ಎಲ್ಲವನ್ನೂ ನೋಡುತ್ತಾರೆ. ಪವರ್ ಸ್ಟೇರಿಂಗ್ ಆಯಿಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಮೂಲೆಯಲ್ಲಿರುವ ಕೆಂಪು ಕ್ಯಾನಿನಿಂದ ಒಂದಿಷ್ಟು ಸುರಿದು ಮುಚ್ಚಳ ತಿರುಗಿಸಿಬಿಡುತ್ತಾರೆ. ಈ ಆಯಿಲನ್ನು ಒತ್ತಡದಲ್ಲಿ ತಳ್ಳುವ ಪಂಪು, ಚಕ್ರ ತಿರುಗಿಸುವ ರ‍್ಯಾಕು ಹಾಳಾಗುವುದಕ್ಕೆ ಈ ಅಭ್ಯಾಸವೂ ಒಂದು ಕಾರಣ.

ಸ್ವಿಫ್ಟ್, ಐ10ನಂಥ ಕಾರುಗಳ ಸ್ಟೇರಿಂಗ್ ಕರೆಂಟಿನ ಮೋಟರಿನಿಂದ ನಡೆಯುತ್ತದೆ, ಅವಕ್ಕೆ ಈ ಆಯಿಲ್ಲೇ ಇಲ್ಲ. ಬೆಲ್ಟಿನಿಂದ ತಿರುಗುವ ಪಂಪು ಇದ್ದವರಿಗಷ್ಟೇ ಈ ಮಾತು. ಕ್ವಾಲಿಸ್, ಹಳೆಯ ಇನ್ನೋವಾಗಳಿಗೆ ಜನರಲ್ ಮೋಟರ್ಸ್‌ನ ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬೇಕು. ಹ್ಯುಂಡೈ ಆಕ್ಸೆಂಟ್‌ಗೆ ಪಿಎಸ್‌ಎಫ್-3 (ಪಿಎಸ್‌ಎಫ್ ಎಂದರೆ ಪವರ್ ಸ್ಟೇರಿಂಗ್ ಫ್ಲೂಯಿಡ್). ಹಳೆಯ ಹೋಂಡಾ ಅಕಾರ್ಡ್, ಸಿಆರ್-ವಿಗಳಿಗೆ ಹೋಂಡಾದ್ದೇ ಪಿಎಸ್‌ಎಫ್ ಬೇಕು, ಎಟಿಎಫ್ ಹಾಕಬಾರದು. ಮೊದಲ ತಲೆಮಾರಿನ ಆಕ್ಟೇವಿಯಾದ್ದು ಹಸಿರು ಬಣ್ಣದ, ಇನ್ನೂ ತೆಳುವಾದ ಆಯಿಲ್. ಅದಕ್ಕೆ ಕೆಂಪು ಬೆರೆಸಲೇಬೇಡಿ. ಕೆಂಪು ಅನ್ನುವುದು ಬರೀ ಹಾಕಿದ ಬಣ್ಣ, ದರ್ಜೆಯಲ್ಲ. ಕಾರಿನಲ್ಲಿ ಈ ಆಯಿಲ್ ತುಂಬುವ ಡಬ್ಬಿಯ ಮುಚ್ಚಳ ಒರೆಸಿ ಓದಿ, ಅಲ್ಲಿಲ್ಲದಿದ್ದರೆ ಮ್ಯಾನ್ಯುಯಲ್ ತೆಗೆಯಿರಿ. ಡೆಕ್ಸ್ರಾನ್ 3ಕ್ಕೆ ಪರವಾನಗಿ ಕೊಡುವುದನ್ನು ಜನರಲ್ ಮೋಟರ್ಸ್ 2006ರ ಕೊನೆಗೇ ನಿಲ್ಲಿಸಿತು. ಈಗಿನ ಕ್ಯಾನಿನ ಮೇಲೆ ಆ ಹೆಸರಿದ್ದರೆ ಅದು ತಯಾರಕರ ಮಾತು ಅಷ್ಟೇ, ಹಾಗಾಗಿ ಸೀಲ್ ಇರುವ, ಹೆಸರು ಗೊತ್ತಿರುವ ಕಂಪನಿಯದ್ದನ್ನೇ ಕೊಳ್ಳಿ.

ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಹಾಕುವುದು. ಅದು ಗ್ಲೈಕಾಲ್, ಎಣ್ಣೆಯಲ್ಲ. ಸ್ಟೇರಿಂಗಿನ ರಬ್ಬರ್ ಸೀಲುಗಳು ಅದರಲ್ಲಿ ಊದಿಕೊಂಡು ಮೆತ್ತಗಾಗುತ್ತವೆ. ತಪ್ಪಿ ಬಿದ್ದಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಹೀರಿ ತೆಗೆಯಿರಿ.

ಆಯಿಲ್ ಬದಲಿಸಲು ಸುಲಭದ ದಾರಿ ದೊಡ್ಡ ಸಿರಿಂಜ್. ಡಬ್ಬಿಯಲ್ಲಿರುವುದನ್ನು ಹೀರಿ ಅಷ್ಟೇ ಹೊಸದು ತುಂಬಿ, ಎಂಜಿನ್ ಓಡಿಸಿ ಸ್ಟೇರಿಂಗನ್ನು ಎರಡೂ ಕಡೆ ತುದಿವರೆಗೆ ತಿರುಗಿಸಿ. ಎರಡು ದಿನ ಓಡಿಸಿ ಮತ್ತೆ ಮಾಡಿ. ಒಟ್ಟು ಸುಮಾರು ಒಂದು ಲೀಟರಿನಲ್ಲಿ ಡಬ್ಬಿಯಲ್ಲಿರುವುದು ಮೂರನೇ ಒಂದು ಪಾಲು. ನಾಲ್ಕು ಸಲ ಮಾಡಿದರೆ ಹಳೆಯದು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಆಯಿಲ್ ಕಂದಾಗಿದ್ದರೆ ಇಷ್ಟು ಸಾಕು.

ಕಪ್ಪಾಗಿದ್ದರೆ ಅಥವಾ ತಪ್ಪು ಆಯಿಲ್ ಬಿದ್ದಿದ್ದರೆ ಪೂರ್ತಿ ತೆಗೆಯಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ (ಬರೀ ಜಾಕ್ ನಂಬಬೇಡಿ). ಡಬ್ಬಿಗೆ ವಾಪಸ್ ಬರುವ ಹೋಸ್ ಬಿಚ್ಚಿ ಬಾಟಲಿಗೆ ಇಳಿಬಿಟ್ಟು, ಡಬ್ಬಿಯ ಕೊಳವೆಗೆ ರಬ್ಬರ್ ಬಿರಡೆ ಹಾಕಿ. ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಸ್ ತೆಗೆದು, ಒಬ್ಬರು ಸೆಲ್ಫ್ ಅನ್ನು ಮೂರು-ನಾಲ್ಕು ಸೆಕೆಂಡಿನಂತೆ ಹೊಡೆಯುತ್ತ ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಹೊಸದು ಸುರಿಯುತ್ತಿರಲಿ. ಡಬ್ಬಿ ಬರಿದಾದರೆ ಗಾಳಿ ಸೇರುತ್ತದೆ. ಎರಡು ಲೀಟರ್ ಕೈಯಲ್ಲಿರಲಿ. ಹೋಸ್ ಮತ್ತೆ ಹಾಕಿ, ಎಂಜಿನ್ ಆಫ್ ಇಟ್ಟೇ ಹದಿನೈದು-ಇಪ್ಪತ್ತು ಸಲ ತುದಿಯಿಂದ ತುದಿಗೆ ತಿರುಗಿಸಿದ ಮೇಲೆ ಸ್ಟಾರ್ಟ್ ಮಾಡಿ. ನೊರೆ ಕಂಡರೆ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಸ್ಟೇರಿಂಗನ್ನು ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು: ಅಲ್ಲಿ ಒತ್ತಡ ಗರಿಷ್ಠಕ್ಕೇರಿ ಆಯಿಲ್ ಕಾಯುತ್ತದೆ.

ತಿರುಗಿಸುವಾಗ ಗುಂಯ್ ಎನ್ನುವ ಸದ್ದಿಗೆ ಪಂಪನ್ನೇ ದೂರುವುದುಂಟು. ಆಯಿಲ್ ಕಡಿಮೆಯಿದ್ದರೂ, ಗಾಳಿ ಸೇರಿದ್ದರೂ, ಡಬ್ಬಿಯ ತಳದ ಜಾಲರಿ ಕಟ್ಟಿದ್ದರೂ ಅದೇ ಸದ್ದು. ಜಾಲರಿ ತೊಳೆಯಲಾಗದಿದ್ದರೆ ಡಬ್ಬಿಯನ್ನೇ ಬದಲಿಸಿ, ಪಂಪಿಗಿಂತ ಅಗ್ಗ. ಕಿರ್ ಎಂದರೆ ಬೆಲ್ಟ್ ಜಾರುತ್ತಿದೆ.

ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ರ‍್ಯಾಕಿನ ತುದಿಯ ರಬ್ಬರ್ ಬೂಟನ್ನು ಹಿಸುಕಿ ನೋಡಿ, ಒಳಗೆ ಎಣ್ಣೆ ಇದ್ದರೆ ರ‍್ಯಾಕಿನ ಸೀಲ್ ಹೋಗಿದೆ. ಸೋರಿಕೆ ನಿಲ್ಲಿಸುವ ಬಾಟಲಿಗಳು ಸೀಲನ್ನು ಸ್ವಲ್ಪ ಊದಿಸುತ್ತವೆ, ರಿಪೇರಿ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಗ್ಯಾರೇಜಿನವರಲ್ಲಿ ಒಂದು ವಿನಂತಿ: ಬಿಲ್ಲಿನಲ್ಲಿ ‘ಸ್ಟೇರಿಂಗ್ ಆಯಿಲ್’ ಎಂದಷ್ಟೇ ಬರೆಯದೆ ಕಂಪನಿ, ದರ್ಜೆ, ಎಷ್ಟು ಎಂಎಲ್ ಎಂದು ಬರೆಯಿರಿ. ಮುಂದಿನ ಸಲ ಬೇರೆ ಊರಿನಲ್ಲಿ ಮಟ್ಟ ಸರಿಮಾಡುವ ಮೆಕ್ಯಾನಿಕ್‌ಗೆ ಬೇರೆ ಯಾವ ದಾಖಲೆಯೂ ಇರುವುದಿಲ್ಲ.

— ಒಬ್ಬ ಮೆಕ್ಯಾನಿಕ್, ದಾವಣಗೆರೆ